ಅಪ್‌ಡೇಟ್: ಚೆಕ್ ಇಂಜಿನ್ ಲೈಟ್ ಆರಿತು, ತಪ್ಪು ಸೆನ್ಸರ್‌ದಲ್ಲ

ನನ್ನ ಕಾರಿನ ಚೆಕ್ ಇಂಜಿನ್ ಲೈಟ್ ಯಾಕೆ ಉರಿಯುತ್ತಿದೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆಯಾ? 2011ರ ಪೆಟ್ರೋಲ್ ಕಾರು, P0171 ಕೋಡ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ ಅನ್ನುವ ಎಚ್ಚರಿಕೆ), ಮೈಲೇಜ್ ಕಮ್ಮಿ, ಎಮಿಷನ್ ಟೆಸ್ಟ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಜಾಸ್ತಿ ಬಂದು ಫೇಲ್.

ಮೊದಲು ಫ್ಯುಯಲ್ ಅಡಿಟಿವ್ ಹಾಕಿದೆ. ಏನೂ ಆಗಲಿಲ್ಲ. ಏರ್ ಫಿಲ್ಟರ್ ಬದಲಿಸಿದೆ, ಅದೂ ಅಷ್ಟೇ. ಹೊಸ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವುದು) ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಟೇಬಿಟ್ಟಿದ್ದೆ. ಆಗ "ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಲೀಕ್ ಇದೆಯಾ ನೋಡಿ" ಅಂತ ಒಬ್ಬರು ಬರೆದಿದ್ದು ನೆನಪಾಯಿತು. ಅವರಿಗೆ ದೊಡ್ಡ ಥ್ಯಾಂಕ್ಸ್!

ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಬ್ಲೋವರ್‌ನಿಂದ ಗಾಳಿ ಬಿಟ್ಟೆವು. ಜಾಯಿಂಟ್‌ಗಳ ಮೇಲೆ ಸೋಪು ನೀರು ಸಿಂಪಡಿಸಿದೆವು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೆ ಹೊಗೆ ಪೈಪು ಸೇರುವ ಕಡೆಯ ಸೀಲ್) ಹತ್ತಿರ ಗುಳ್ಳೆಗಳು ಬಂದವು, ನೋಡಿ ಎಷ್ಟು ಖುಷಿಯಾಯಿತು ಅಂದ್ರೆ!

ನನಗೆ ಆಶ್ಚರ್ಯ ಆಗಿದ್ದು ಇದು. ಹೊಗೆ ಹೊರಗೆ ಬರುವ ಸಂದಿಯಿಂದಲೇ ಹೊರಗಿನ ಗಾಳಿಯೂ ಒಳಗೆ ಸೇರಿಕೊಳ್ಳುತ್ತದೆ. ಸೆನ್ಸರ್‌ಗೆ ಆ ಆಕ್ಸಿಜನ್ ಕಾಣುತ್ತದೆ, ಪೆಟ್ರೋಲ್ ಸಾಲದು ಅಂತ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ನೆ ಜಾಸ್ತಿ ಸುರಿಯುತ್ತದೆ. ಸಿಒ ಏರಿದ್ದು ಅದಕ್ಕೇ.

ಗ್ಯಾಸ್ಕೆಟ್ ಬದಲಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ನೋಡಿದೆ. 0.1 ವೋಲ್ಟ್ ಹತ್ತಿರ (ಅಂದ್ರೆ ಆಕ್ಸಿಜನ್ ಜಾಸ್ತಿ ಅಂತ) ಕೂತಿದ್ದ ಹಳೇ ಸೆನ್ಸರ್ ಈಗ 0.1ರಿಂದ 0.9ರವರೆಗೆ ಚೆನ್ನಾಗಿ ಏರಿಳಿಯುತ್ತಿದೆ. ನಿನ್ನೆ ಟೆಸ್ಟ್ ಕೂಡ ಪಾಸಾಯಿತು.

ಇನ್ನೊಂದು ಮಾತು. ಇಂಜಿನ್ ಹತ್ತಿರ ಸೀಲೆಂಟ್ ಹಚ್ಚಿಸುವುದಾದರೆ "ಸೆನ್ಸರ್ ಸೇಫ್" ಅಂತ ಬರೆದಿರುವುದನ್ನೇ ತನ್ನಿ. ಮಾಮೂಲಿ ಸಿಲಿಕೋನ್ ಆವಿ ಆಕ್ಸಿಜನ್ ಸೆನ್ಸರನ್ನು ಹಾಳು ಮಾಡುತ್ತದೆ.