ಪಿಯಾನೊದಲ್ಲಿ ಬಿರುಗಾಳಿ ಎಬ್ಬಿಸುವ ಕೃತಿಗಳು: ಯಾವುದರಿಂದ ಆರಂಭಿಸಲಿ?

ಪ್ರಶ್ನೆ (ಬೆಂಗಳೂರಿನಿಂದ)

ನನಗೀಗ 36 ವರ್ಷ. ಹೈಸ್ಕೂಲಿನಲ್ಲಿ ಬಿಟ್ಟಿದ್ದ ಪಿಯಾನೊ ಅಭ್ಯಾಸವನ್ನು ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಹಿಡಿದು, ಕಳೆದ ವರ್ಷ ಎಂಟನೆಯ ಗ್ರೇಡ್ ಪರೀಕ್ಷೆ ಮುಗಿಸಿದೆ. ಮನೆಯಲ್ಲಿರುವುದು ಡಿಜಿಟಲ್ ಪಿಯಾನೊ. ವಾರಕ್ಕೊಮ್ಮೆ ಗುರುಗಳ ಮನೆಯ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತ ಪಿಯಾನೊ) ಮೇಲೆ ನುಡಿಸುತ್ತೇನೆ. ಇಲ್ಲಿಯವರೆಗೆ ನುಡಿಸಿದ್ದೆಲ್ಲ ಸೌಮ್ಯವಾದ ಕೃತಿಗಳೇ ಆದ್ದರಿಂದ, ಹತ್ತು ತಿಂಗಳ ನಂತರ ನಡೆಯುವ ವಿದ್ಯಾರ್ಥಿಗಳ ಸಂಗೀತ ಕಚೇರಿಯಲ್ಲಿ ಒಮ್ಮೆಯಾದರೂ ಕೇಳುವವರು ಬೆಚ್ಚುವಂಥದ್ದನ್ನು ನುಡಿಸಬೇಕೆಂಬ ಆಸೆ ಹುಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಪಿಯಾನೊ ವಾದಕ, ರಚನಕಾರ ಲಿಸ್ಟ್‌ನ ‘ವಿಲ್ಡೆ ಯಾಗ್ಡ್’ ಅಥವಾ ‘ಮಾಜೆಪ್ಪಾ’ ಮನಸ್ಸಿನಲ್ಲಿದೆ. ದಿನಕ್ಕೆ ಒಂದೂವರೆ ಗಂಟೆ ಬಿಡುವು ಸಿಗುತ್ತದೆ. ಇಂಥ ಕೃತಿಗಳ ಜೊತೆ ಹೆಣಗಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಪಿಯಾನೊ ಶಿಕ್ಷಕಿ, ಬೆಂಗಳೂರು)

ನೀವು ಹೆಸರಿಸಿದ ಎರಡೂ ಕೃತಿಗಳು ಲಿಸ್ಟ್ 1852ರಲ್ಲಿ ಅಂತಿಮ ರೂಪ ಕೊಟ್ಟು, ತನ್ನ ಗುರು ಚೆರ್ನಿಗೆ ಅರ್ಪಿಸಿದ ಹನ್ನೆರಡು ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳಿಗೆ (ಅಭ್ಯಾಸಕೃತಿಗಳಿಗೆ) ಸೇರಿದವು. ಆ ಎಟ್ಯೂಡ್‌ಗಳು ಬೆಳೆದು ಬಂದ ಬಗೆಯನ್ನು ಗಮನಿಸಿ. 1826ರಲ್ಲಿ ಹದಿಹರೆಯದ ಹುಡುಗನಾಗಿ ಬರೆದ ಸರಳ ಪಾಠಗಳನ್ನು ಲಿಸ್ಟ್ 1830ರ ದಶಕದ ಕೊನೆಯಲ್ಲಿ ಗುರುತು ಸಿಗದಷ್ಟು ಹಿಗ್ಗಿಸಿದ. ಅವನ್ನು ನೋಡಿದ ಸಮಕಾಲೀನ ರಚನಕಾರ ಶೂಮನ್, ಇವನ್ನು ನುಡಿಸಬಲ್ಲವರು ಜಗತ್ತಿನಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ಮಂದಿ ಇದ್ದಾರು ಎಂಬರ್ಥದ ಮಾತು ಬರೆದ. ಕೊನೆಗೆ ಲಿಸ್ಟ್ ತಾನೇ ಕುಳಿತು, ಒಂದು ಆಕ್ಟೇವ್‌ನ (ಒಂದು ಸ್ವರದಿಂದ ಮೇಲಿನ ಸ್ಥಾಯಿಯ ಅದೇ ಸ್ವರದವರೆಗಿನ ದೂರದ) ಮೇಲೆ ಇನ್ನೆರಡು ಬಿಳಿಮನೆಗಳಿಗಿಂತ (ಬಿಳಿ ಕೀಗಳಿಗಿಂತ) ಹೆಚ್ಚು ಕೈ ಚಾಚಬೇಕಾದ ಕಡೆಗಳನ್ನೆಲ್ಲ ತೆಗೆದುಹಾಕಿ, 1852ರ ಆವೃತ್ತಿಯನ್ನು ಸಿದ್ಧಪಡಿಸಿದ. ನಾವು ಇಂದು ಅಸಾಧ್ಯವೆನ್ನುವ ‘ವಿಲ್ಡೆ ಯಾಗ್ಡ್’ ಹೀಗೆ ಸುಲಭಗೊಳಿಸಿದ ಮೇಲೆ ಉಳಿದದ್ದು!

‘ಮಾಜೆಪ್ಪಾ’ದಲ್ಲಿ ಇನ್ನೊಂದು ತೊಡಕಿದೆ. ಅದನ್ನು ಎರಡರ ಬದಲು ಮೂರು ಸಾಲುಗಳಲ್ಲಿ ಬರೆದಿದ್ದಾನೆ. ಮೇಲೆ ಮತ್ತು ಕೆಳಗೆ ಮುಖ್ಯ ರಾಗ ಮೊಳಗುತ್ತಿರುವಾಗ ನಡುವಿನ ಥರ್ಡ್‌ಗಳನ್ನು (ನಡುವೆ ಒಂದು ಸ್ವರ ಬಿಟ್ಟು ಜೊತೆಯಾಗಿ ನುಡಿಸುವ ಎರಡು ಸ್ವರಗಳನ್ನು) ಎರಡೂ ಕೈಗಳು ಸರದಿಯ ಮೇಲೆ ಹಂಚಿಕೊಳ್ಳಬೇಕು, ಅದೂ ಎರಡು ಮತ್ತು ನಾಲ್ಕನೆಯ ಬೆರಳುಗಳಿಂದಲೇ ಎಂದು ಗುರುತು ಹಾಕಿದ್ದಾನೆ. ಬೇರೆ ಬೆರಳು ಹಾಕಿದರೆ ಹಾಯೆನಿಸುತ್ತದೆ, ಆದರೆ ಬೆನ್ನಿಗೆ ಮನುಷ್ಯನನ್ನು ಕಟ್ಟಿಸಿಕೊಂಡು ಓಡುವ ಕುದುರೆಯ ಗೊರಸಿನ ಸದ್ದು ಅಲ್ಲಿಗೆ ಮುಗಿಯಿತು. ಹತ್ತು ತಿಂಗಳಲ್ಲಿ ಇದು ನಿಮ್ಮ ಕೈಗೆ ಕೂರುವುದಿಲ್ಲ; ನಿಷ್ಠುರವೆನಿಸಿದರೂ ಈಗಲೇ ಹೇಳುವುದು ಒಳ್ಳೆಯದು.

ನನ್ನ ಸೂಚನೆ ಶೋಪೆನ್‌ನ ಓಪಸ್ (ಕೃತಿಸಂಖ್ಯೆ) 28ರ ಪ್ರೆಲ್ಯೂಡ್ ಎಂಬ ಚಿಕ್ಕ ಕೃತಿಗಳಲ್ಲಿ ಹದಿನಾರನೆಯದು, ಬಿ-ಫ್ಲ್ಯಾಟ್ ಮೈನರ್. ಮೊದಲ ಬಾರ್‌ನ (ತಾಳದ ಒಂದು ಆವರ್ತದ) ಗಟ್ಟಿ ಕಾರ್ಡ್‌ಗಳಾದ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ) ಮೇಲೆ ಬಲಗೈ ಓಟಕ್ಕೆ ಬಿದ್ದರೆ ಉಸಿರು ತೆಗೆದುಕೊಳ್ಳಲು ಹೆಚ್ಚು ಕಡೆ ಜಾಗವಿಲ್ಲ. ಎಡಗೈ ಆಳದ ಸ್ವರದಿಂದ ಮೇಲಿನ ಕಾರ್ಡ್‌ಗೆ ಜಿಗಿಯುತ್ತಲೇ ಇರುತ್ತದೆ. ಇಡೀ ಕೃತಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಕಷ್ಟದಲ್ಲಿ ಇದು ಲಿಸ್ಟ್‌ಗೆ ತೀರ ಕಡಿಮೆಯೇನಲ್ಲ, ಆದರೆ ಕಷ್ಟವು ಒಂದು ನಿಮಿಷದಷ್ಟೇ ಉದ್ದವಿದೆ, ಮತ್ತು ಒಂದೇ ಬಗೆಯದಾಗಿದೆ. ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಅಭ್ಯಾಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಚಿಕ್ಕಂದಿನಲ್ಲಿ ಸರಳೆ ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡಿದವರಿಗೆ, ನಿಧಾನದಲ್ಲಿ ಕೂತದ್ದು ವೇಗದಲ್ಲಿಯೂ ತಾನಾಗಿ ಬಂದೇ ಬರುತ್ತದೆಂಬ ನಂಬಿಕೆಯಿರುತ್ತದೆ. ಪಿಯಾನೊದಲ್ಲಿ ಅದು ಅರ್ಧ ಮಾತ್ರ ನಿಜ. ನಿಧಾನವಾಗಿ ನುಡಿಸುವಾಗ ಬೆರಳನ್ನು ಎತ್ತಿ ಇಳಿಸಲು ಸಮಯವಿರುವುದರಿಂದ ನಾವು ಎತ್ತುತ್ತೇವೆ, ಹೆಬ್ಬೆರಳನ್ನು ಅಂಗೈ ಕೆಳಗೆ ಪೂರ್ತಿ ತೂರಿಸುತ್ತೇವೆ; ಪ್ರೆಸ್ಟೊ ಎಂಬ ಅತಿ ವೇಗದಲ್ಲಿ ಎರಡಕ್ಕೂ ಸಮಯವಿಲ್ಲ, ಅಲ್ಲಿ ಕೈಯ ಚಲನೆಯೇ ಬೇರೆ. ಆದ್ದರಿಂದ ಒಂದು ವಾರ ನಿಧಾನವಾಗಿ ನುಡಿಸಿ ಸ್ವರಗಳು ಮತ್ತು ಬೆರಳುಗಳು ನಿಶ್ಚಿತವಾದ ಕೂಡಲೇ, ನಾಲ್ಕು ಸ್ವರಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ನುಡಿಸಿ ಐದನೆಯದರ ಮೇಲೆ ನಿಲ್ಲಿ. ನಿಂತ ಕ್ಷಣದಲ್ಲಿ ಮಣಿಕಟ್ಟು ಒದ್ದೆ ಬಟ್ಟೆಯ ಹಾಗೆ ಜೋತುಬೀಳಬೇಕು. ಬೀಳಲಿಲ್ಲವೆಂದರೆ ಆ ನಾಲ್ಕು ಸ್ವರಗಳಲ್ಲಿ ಎಲ್ಲಿಯೋ ಬಿಗಿತ ಉಳಿದಿದೆ ಎಂದರ್ಥ. ಅನಂತರ ಎಂಟು, ಅನಂತರ ಹದಿನಾರು ಸ್ವರಗಳು. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ಎರಡು ಪುಟಗಳನ್ನು ಹೀಗೆ ತುಣುಕು ತುಣುಕಾಗಿ ಜೋಡಿಸಲು ನಾಲ್ಕು ತಿಂಗಳು ತೆಗೆದುಕೊಂಡಳು, ಆದರೆ ವೇದಿಕೆಯ ಮೇಲೆ ಅವಳ ಕೈ ಒಮ್ಮೆಯೂ ಕಟ್ಟಿಕೊಳ್ಳಲಿಲ್ಲ. ಎಡಗೈಯನ್ನು ಮಾತ್ರ ದಿನವೂ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ನುಡಿಸಿ. ಜಿಗಿತದ ದೂರವನ್ನು ಭುಜ ಅಳೆಯಬೇಕು, ಏಕೆಂದರೆ ಕಣ್ಣು ಬಲಗೈಯನ್ನು ಬಿಟ್ಟು ಬರಲಾರದು.

ಉತ್ತರ (ಪುಣೆಯಲ್ಲಿರುವ ಕನ್ನಡಿಗ)

ಮೇಡಂ ಬಿಗಿತದ ಬಗ್ಗೆ ಹೇಳಿದ್ದನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ. ನಾನು ಓದದೆ ಕೆಟ್ಟವನು. ಲಿಸ್ಟ್‌ನ ಆರನೆಯ ಹಂಗೇರಿಯನ್ ರ್‍ಯಾಪ್ಸಡಿಯ ಕೊನೆಯ ಭಾಗದಲ್ಲಿ ಬಲಗೈ ಆಕ್ಟೇವ್‌ಗಳು ಬಿಡದೆ ಬರುತ್ತವೆ. ಅದನ್ನು ನುಡಿಸಲು ಹೊರಟಾಗ ಮುಂಗೈ ಉರಿಯುತ್ತದೆಂದು ಆಗ ಕಲಿಸುತ್ತಿದ್ದವರಿಗೆ ಹೇಳಿದೆ; ಉರಿದರೆ ಬಲ ಬರುತ್ತದೆ, ತಡೆದುಕೋ ಎಂದರು. ತಡೆದುಕೊಂಡೆ. ಮೂರನೆಯ ವಾರದ ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿದಾಗ ಮೊಣಕೈಯಿಂದ ಕಿರುಬೆರಳಿನವರೆಗೆ ಕಾದ ತಂತಿ ಎಳೆದ ಹಾಗಾಯಿತು, ಪ್ಯಾಕೆಟ್ ನೆಲಕ್ಕೆ ಬಿತ್ತು. ಆರು ತಿಂಗಳು ಪಿಯಾನೊ ಮುಚ್ಚಿಯೇ ಇತ್ತು, ಫಿಸಿಯೋಥೆರಪಿಗೆ ಹೋಗಿ ಬಂದದ್ದೇ ಬಂತು.

ಇದು ಹೊಸ ಕಥೆಯೇನಲ್ಲ. 1890ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದ, ಮುಂದೆ ರಚನಕಾರನಾಗಿ ಹೆಸರಾದ ಸ್ಕ್ರಿಯಾಬಿನ್, ಸಹಪಾಠಿ ಯೋಸೆಫ್ ಲೆವಿನ್ ಜೊತೆಗಿನ ಪೈಪೋಟಿಯ ಹುರುಪಿನಲ್ಲಿ, ಲಿಸ್ಟ್ ಮೊಟ್ಸಾರ್ಟ್‌ನ ‘ಡಾನ್ ಜೊವಾನ್ನಿ’ ಆಪೆರಾದಿಂದ ಕಟ್ಟಿದ ಫ್ಯಾಂಟಸಿಯನ್ನೂ ಬಲಾಕಿರೆವ್‌ನ ‘ಇಸ್ಲಾಮೇ’ಯನ್ನೂ ಅತಿಯಾಗಿ ಅಭ್ಯಾಸ ಮಾಡಿ ಬಲಗೈ ಕೆಡಿಸಿಕೊಂಡ. ಎಡಗೈಯೊಂದಕ್ಕೇ ಬರೆದ ಅವನ ಓಪಸ್ 9ರ ಪ್ರೆಲ್ಯೂಡ್ ಮತ್ತು ನಾಕ್ಟರ್ನ್ ಹುಟ್ಟಿದ್ದು ಆ ಸಂಕಟದಿಂದ. ಅವನು ಸ್ಕ್ರಿಯಾಬಿನ್ ಆಗಿದ್ದರಿಂದ ನೋವಿನಿಂದ ಒಂದು ನಾಕ್ಟರ್ನ್ ಬಂತು. ನನಗೆ ಬಂದದ್ದು ಫಿಸಿಯೋಥೆರಪಿಯ ಬಿಲ್ಲು ಮಾತ್ರ.

ಈಗ ನಾನು ಪಾಲಿಸುವ ನಿಯಮವೆಂದರೆ, ಕಠಿಣವಾದ ಭಾಗವನ್ನು ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಮುಟ್ಟುವುದಿಲ್ಲ, ಮತ್ತು ಉರಿ ಶುರುವಾದ ಕೂಡಲೇ ಕೈ ತೆಗೆಯುತ್ತೇನೆ. ಕೃತಿಯ ವಿಷಯದಲ್ಲಿ ಮಾತ್ರ ಮೇಡಂ ಜೊತೆ ಚಿಕ್ಕ ಭಿನ್ನಾಭಿಪ್ರಾಯವಿದೆ: ಹದಿನಾರನೆಯದರ ಬದಲು ಅದೇ ಓಪಸ್‌ನ ಕೊನೆಯದನ್ನು, 24ನೆಯ ಡಿ ಮೈನರ್ ಪ್ರೆಲ್ಯೂಡನ್ನು ನೋಡಿ. ಎಡಗೈಗೆ ಐದು ಸ್ವರಗಳ ಒಂದೇ ಮಾದರಿ ಉದ್ದಕ್ಕೂ ಮರಳಿ ಮರಳಿ ಬರುತ್ತದೆ, ವೇಗವೂ ಅಷ್ಟು ಕ್ರೂರವಲ್ಲ, ಮತ್ತು ಕೊನೆಯಲ್ಲಿ ಪಿಯಾನೊದ ತಳದಿಂದ ಒಂಟಿಯಾಗಿ ಮೂರು ಸಲ ಹೊಡೆಯುವ ಡಿ ಸ್ವರವಿದೆಯಲ್ಲ, ನೀವು ಕೇಳಿದ ಬೆಚ್ಚುವಿಕೆ ಅಲ್ಲಿ ಖಚಿತವಾಗಿ ಸಿಗುತ್ತದೆ.

ಉತ್ತರ (ಧಾರವಾಡ)

ಬಿರುಸಿನ ಕೃತಿಗಳ ಮಾತು ಬಂದಾಗ ಶೂಮನ್‌ನ ಓಪಸ್ 22, ಜಿ ಮೈನರ್ ಸೊನಾಟಾವನ್ನು (ಹಲವು ಭಾಗಗಳ ದೊಡ್ಡ ಕೃತಿಯನ್ನು) ನೆನೆಯದಿದ್ದರೆ ಹೇಗೆ? ಆರಂಭದಲ್ಲಿಯೇ ‘ಸಾಧ್ಯವಾದಷ್ಟು ವೇಗವಾಗಿ’ ಎಂದು ಜರ್ಮನ್ ಭಾಷೆಯಲ್ಲಿ ಬರೆದಿದ್ದಾನೆ, ಅದೇ ಭಾಗದ ಕೊನೆಯಲ್ಲಿ ‘ಇನ್ನೂ ವೇಗವಾಗಿ’ ಎಂದೂ ಬರೆದಿದ್ದಾನೆ. ನನ್ನ ಗುರುಗಳು ಆ ಜಾಗ ಬಂದಾಗಲೆಲ್ಲ ಪೆನ್ಸಿಲ್ ಕೆಳಗಿಟ್ಟು ನಗುತ್ತಿದ್ದರು.

ಉತ್ತರ (ಚಿಕ್ಕ ಕೈಯವಳು, ಮಂಗಳೂರು)

ಇಲ್ಲಿಯವರೆಗೆ ಯಾರೂ ಪ್ರಶ್ನೆ ಕೇಳಿದವರ ಕೈಯ ಅಳತೆಯನ್ನು ವಿಚಾರಿಸಿಲ್ಲ. ಪಿಯಾನೊದಲ್ಲಿ ಒಂದು ಆಕ್ಟೇವ್ ಸುಮಾರು ಹದಿನಾರೂವರೆ ಸೆಂಟಿಮೀಟರ್ ಅಗಲವಿರುತ್ತದೆ. ನನಗೆ ಅದು ಅಂಚಿನಲ್ಲಿ ಎಟಕುತ್ತದೆ, ಅದರಾಚೆ ಏನೂ ಎಟಕುವುದಿಲ್ಲ. ರಾಖ್ಮನಿನೋವ್‌ನಂಥ ಮಹಾಹಸ್ತನ ಕೃತಿಗಳನ್ನು ಇಂಥ ಕೈಯಿಂದ ನುಡಿಸಹೊರಟು ವರ್ಷಗಳನ್ನು ಕಳೆದ ಮೇಲೆ, ಅಬ್ಬರಕ್ಕೆ ಅಗಲವಾದ ಕಾರ್ಡ್‌ಗಳೇ ಬೇಕೆಂದಿಲ್ಲ ಎಂಬುದು ನನಗೆ ತಿಳಿಯಿತು.

ತಿಳಿಸಿಕೊಟ್ಟದ್ದು ಶೋಪೆನ್‌ನ ಎರಡನೆಯ ಸೊನಾಟಾದ ಕೊನೆಯ ಭಾಗ. ಶವಯಾತ್ರೆಯ ನಡೆಯಾದ ಮೇಲೆ ಬರುವ ಈ ಭಾಗದಲ್ಲಿ ಎರಡು ಕೈಗಳೂ ಆಕ್ಟೇವ್ ಅಂತರದಲ್ಲಿ ಒಂದೇ ಸಾಲನ್ನು, ಒಂದೊಂದೇ ಸ್ವರವಾಗಿ, ಪ್ರೆಸ್ಟೊ ವೇಗದಲ್ಲಿ ನುಡಿಸುತ್ತವೆ. ರಾಗವಿಲ್ಲ, ಪಕ್ಕವಾದ್ಯದಂತೆ ಒದಗುವ ಕಾರ್ಡ್‌ಗಳಿಲ್ಲ, ಕೊನೆಯ ಹೊಡೆತದವರೆಗೆ ಎಲ್ಲವೂ ಪಿಸುದನಿಯಲ್ಲಿದೆ. ಒಂದೂವರೆ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಇದು ಸಂಗೀತವೇ ಅಲ್ಲವೆಂಬಂತೆ ಶೂಮನ್ ಬರೆದನೆಂದರೆ ಅದು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕೆಂದು ಊಹಿಸಿಕೊಳ್ಳಿ. ಚಿಕ್ಕ ಕೈಗೆ ಇದರಲ್ಲಿ ಯಾವ ಅಡ್ಡಿಯೂ ಇಲ್ಲ. ಅಡ್ಡಿಯಿರುವುದು ನೆನಪಿಗೆ, ಏಕೆಂದರೆ ಹಿಡಿದುಕೊಳ್ಳಲು ಒಂದು ಕೊಂಬೆಯೂ ಸಿಗುವುದಿಲ್ಲ. ಪೆಡಲನ್ನು ಸ್ವಲ್ಪ ಹೆಚ್ಚು ಒತ್ತಿದರೂ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ಅದನ್ನೊಂದನ್ನೇ ಕಚೇರಿಯಲ್ಲಿ ನುಡಿಸಲು ಬರುವುದಿಲ್ಲವೆಂಬುದು ನಿಜ. ನುಡಿಸಬಹುದಾದದ್ದು ಮೆಂಡೆಲ್‌ಸನ್‌ನ ಓಪಸ್ 28, ಎಫ್-ಶಾರ್ಪ್ ಮೈನರ್ ಫ್ಯಾಂಟಸಿಯ ಕೊನೆಯ ಪ್ರೆಸ್ಟೊ. ಮೆಂಡೆಲ್‌ಸನ್ ಎಂದರೆ ಮೃದು ಎಂದುಕೊಂಡವರು ಇದನ್ನು ಕೇಳಿಲ್ಲ. ಬೆರಳುಗಳ ಓಟವೇ ಹೆಚ್ಚು, ಚಾಚುವುದು ಕಡಿಮೆ.

ಉತ್ತರ (ಜರ್ಮನಿಯಲ್ಲಿರುವವರು)

ವಾದ್ಯದ ಬಗ್ಗೆ ಒಂದು ಮಾತು. 1821ರಲ್ಲಿ ಪಿಯಾನೊ ತಯಾರಿಸುತ್ತಿದ್ದ ಎರಾರ್ ಸಂಸ್ಥೆ ಪೇಟೆಂಟ್ ಪಡೆದ ಡಬಲ್ ಎಸ್ಕೇಪ್‌ಮೆಂಟ್ ಎಂಬ ಯಂತ್ರರಚನೆಯಿಂದಾಗಿ, ಒತ್ತಿದ ಮನೆ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯಲು ಸಾಧ್ಯವಾಯಿತು. ಲಿಸ್ಟ್‌ನ ‘ಲಾ ಕಾಂಪಾನೆಲ್ಲಾ’ದಂಥ ಕೃತಿಗಳಲ್ಲಿ ಒಂದೇ ಸ್ವರ ಗಂಟೆಯ ಹಾಗೆ ಬಡಿದುಕೊಳ್ಳುವುದರ ಹಿಂದೆ ಈ ಅನುಕೂಲವಿದೆ. ಸಾಮಾನ್ಯ ಅಪ್‌ರೈಟ್‌ಗಳಲ್ಲಿ ಆ ರಚನೆ ಇರುವುದಿಲ್ಲವಾದ್ದರಿಂದ ಮನೆ ಹೆಚ್ಚು ಮೇಲೆ ಬರುವವರೆಗೆ ಕಾಯಬೇಕು. ನಾನು ಮನೆಯ ಅಪ್‌ರೈಟ್ ಮೇಲೆ ಕೆಲವು ಸ್ವರಗಳು ನುಂಗಿಹೋಗುವುದನ್ನು ಕಂಡು ನನ್ನ ನಾಲ್ಕನೆಯ ಬೆರಳನ್ನು ಒಂದು ಚಳಿಗಾಲವಿಡೀ ಬೈದುಕೊಂಡೆ; ಗ್ರ್ಯಾಂಡ್ (ತಂತಿಗಳು ಅಡ್ಡಲಾಗಿ ಮಲಗಿರುವ ದೊಡ್ಡ ಪಿಯಾನೊ) ಮುಂದೆ ಕುಳಿತ ದಿನ ಅವೇ ಬೆರಳುಗಳಿಂದ ಎಲ್ಲ ಸ್ವರಗಳೂ ಬಂದವು. ಡಿಜಿಟಲ್‌ನಲ್ಲಿ ಇದರ ತಿರುವುಮುರುವು ಆಗಬಹುದು: ಹೆಡ್‌ಫೋನ್ ಹಾಕಿಕೊಂಡು ವಾಲ್ಯೂಮ್ ಏರಿಸಿದರೆ ಸಣ್ಣ ಒತ್ತಿಗೂ ಗುಡುಗು ಕೇಳಿಸುತ್ತದೆ, ನಿಜವಾದ ಪಿಯಾನೊದಲ್ಲಿ ಅದೇ ಒತ್ತು ಸಪ್ಪೆಯಾಗುತ್ತದೆ. ಕಚೇರಿ ನಡೆಯುವ ವಾದ್ಯ ಯಾವುದೆಂದು ಮೊದಲು ವಿಚಾರಿಸಿಕೊಂಡು, ಸಾಧ್ಯವಾದರೆ ಕೊನೆಯ ಎರಡು ತಿಂಗಳಲ್ಲಿ ನಾಲ್ಕಾರು ಸಲವಾದರೂ ಅದರ ಮೇಲೆಯೇ ನುಡಿಸಿ.

ಉತ್ತರ (ಮೈಸೂರು)

ಮೈಸೂರಿನವನಾಗಿ ನಾನು ಮೆಟ್ನರ್‌ನ ಹೆಸರನ್ನು ಹೇಳದೆ ಹೋಗಲಾರೆ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರ್ ಅವರು ಪಾಶ್ಚಾತ್ಯ ಪಿಯಾನೊವನ್ನೂ ಕಲಿತವರು. ಲಂಡನ್ನಿನಲ್ಲಿ ಮರೆವಿಗೆ ಸಂದು ಬದುಕುತ್ತಿದ್ದ ಈ ರಷ್ಯನ್ ಸಂಗೀತಗಾರನ ಕೃತಿಗಳು ಅವನದೇ ವಾದನದಲ್ಲಿ ಧ್ವನಿಮುದ್ರಣವಾಗಲೆಂದು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರೇ. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಕಂಚರ್ಟೋವನ್ನು (ವಾದ್ಯವೃಂದದೊಂದಿಗೆ ನುಡಿಸುವ ಪಿಯಾನೊ ಕೃತಿಯನ್ನು) ಮಹಾರಾಜರಿಗೆ ಅರ್ಪಿಸಿದ. ಅವನ ‘ರಾತ್ರಿಯ ಗಾಳಿ’ ಸೊನಾಟಾ, ಓಪಸ್ 25ರ ಎರಡನೆಯದು, ಅರ್ಧ ಗಂಟೆಗೂ ಮಿಕ್ಕಿ ಎಡೆಬಿಡದೆ ಬೀಸುವ ಕೃತಿ. ರಾಖ್ಮನಿನೋವ್‌ಗೆ ಅರ್ಪಿತವಾದ ಅದನ್ನು ನಮ್ಮಂಥವರು ಕೇಳಿ ಸುಮ್ಮನಾಗುವುದು ಲೇಸು. ಆದರೆ ಓಪಸ್ 20ರ ಎರಡನೆಯ ‘ಕಥೆ’ ಎಂಬ ಚಿಕ್ಕ ಕೃತಿ, ಬಿ ಮೈನರ್‌ನದು, ನಮ್ಮ ಕೈಗೂ ಬರುವಂಥದ್ದು. ಅದರಲ್ಲಿ ಓಟವೇ ಇಲ್ಲ. ಕೆಳಗಿನಿಂದ ಗಂಟೆಯೊಂದು ಭಾರವಾಗಿ ಮರಳಿ ಮರಳಿ ಬಡಿಯುತ್ತದೆ, ಮೇಲೆ ಬೆದರಿಕೆ ಹೆಚ್ಚುತ್ತ ಹೋಗುತ್ತದೆ. ವೇಗದ ಹಿಂದೆ ಬಿದ್ದವರಿಗೆ ಇದು ಹೊಳೆಯುವುದಿಲ್ಲ. ನನಗೂ ಐವತ್ತು ದಾಟಿದ ಮೇಲೆ ಹೊಳೆಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೈ ಅಳೆದುಕೊಂಡೆ: ಆಕ್ಟೇವ್‌ನ ಮೇಲೆ ಒಂದು ಬಿಳಿಮನೆ ಆರಾಮವಾಗಿ ಎಟಕುತ್ತದೆ, ಎರಡನೆಯದಕ್ಕೆ ಮಣಿಕಟ್ಟು ಬಿಗಿಯುತ್ತದೆ. ಲಿಸ್ಟ್‌ನ ಎರಡೂ ಕೃತಿಗಳನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. 16 ಮತ್ತು 24ನೆಯ ಪ್ರೆಲ್ಯೂಡ್‌ಗಳೆರಡನ್ನೂ ಗುರುಗಳಿಗೆ ತೋರಿಸಿದಾಗ, ಎರಡರ ಎಡಗೈಯನ್ನು ಮಾತ್ರ ಒಂದು ತಿಂಗಳು ನುಡಿಸಿಕೊಂಡು ಬಾ, ಯಾವುದು ದಣಿಸುವುದಿಲ್ಲವೋ ಅದನ್ನು ಇಟ್ಟುಕೊಳ್ಳೋಣ ಎಂದರು. ಹನ್ನೊಂದು ದಿನಗಳಾದವು. 24ನೆಯದು ಹದಿನೈದು ನಿಮಿಷವಾದರೂ ಕೈಯನ್ನು ಹಗುರವಾಗಿಯೇ ಬಿಡುತ್ತಿದೆ. 16ನೆಯದರಲ್ಲಿ ಕಣ್ಣು ಮುಚ್ಚಿದರೆ ಹತ್ತರಲ್ಲಿ ನಾಲ್ಕು ಜಿಗಿತಗಳು ಪಕ್ಕದ ಸ್ವರದ ಮನೆಯ ಮೇಲೆ ಬೀಳುತ್ತಿವೆ.