ಅತಿ ಸಂವೇದನಾಶೀಲ ಸ್ವಭಾವ: ಬದಲಾಯಿಸಿಕೊಳ್ಳಬೇಕೇ, ಹೊಂದಿಕೊಳ್ಳಬೇಕೇ?

ಪ್ರಶ್ನೆ:
ಕಚೇರಿಯಲ್ಲಿ ಪಕ್ಕದವರು ಪೆನ್ನಿನ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಿದ್ದರೆ ನನಗೆ ಕಣ್ಣೆದುರಿನ ಸಾಲು ತಲೆಗೆ ಹತ್ತುವುದಿಲ್ಲ. ಉಳಿದವರ ಕಿವಿಗೆ ಆ ಸದ್ದು ಬಿದ್ದಂತೆಯೇ ಕಾಣುವುದಿಲ್ಲ. ಸಭೆಯಲ್ಲಿ ಯಾರಾದರೂ ಇನ್ನೊಬ್ಬರನ್ನು ಗದರಿದರೆ, ನನಗೆ ಸಂಬಂಧವಿಲ್ಲದಿದ್ದರೂ ಆ ದನಿ ರಾತ್ರಿಯವರೆಗೂ ಎದೆಯಲ್ಲಿ ಕುಳಿತಿರುತ್ತದೆ. ‘ಇಷ್ಟಕ್ಕೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ’ ಎಂದು ಮನೆಯವರು ಕೇಳಿ ಕೇಳಿ, ಈಗ ನಾನೇ ನನ್ನನ್ನು ಹಾಗೆ ಕೇಳಿಕೊಳ್ಳತೊಡಗಿದ್ದೇನೆ. ಇದು ಕಾಯಿಲೆಯೇ, ಸ್ವಭಾವವೇ?

ಉತ್ತರ 1:
ಸ್ವಭಾವ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ ಮತ್ತು ಅವರ ಪತಿ ಆರ್ಥರ್ ಆರನ್ 1997ರಲ್ಲಿ 27 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿ, ಈ ಅತಿ ಸಂವೇದನೆಯನ್ನು ವ್ಯಕ್ತಿತ್ವದ ಒಂದು ಗುಣವೆಂದು ವಿವರಿಸಿದರು. 2018ರ ಅಧ್ಯಯನವೊಂದರಲ್ಲಿ ಭಾಗವಹಿಸಿದ್ದ ವಯಸ್ಕರ ಪೈಕಿ ಸುಮಾರು ಶೇ. 31ರಷ್ಟು ಮಂದಿ ಹೆಚ್ಚು ಸಂವೇದನೆಯ ಗುಂಪಿಗೆ ಸೇರಿದ್ದರು. ಅಂದರೆ ನೀವು ಒಂಟಿಯೇನಲ್ಲ. ಅವಳಿಗಳ ಮೇಲೆ ನಡೆದ ಸಂಶೋಧನೆಯ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ಅರ್ಧದಷ್ಟು ಅನುವಂಶೀಯವಾದದ್ದು.

ನನಗೆ ಮುಖ್ಯವೆನಿಸುವುದು ಮುಂದಿನ ಮಾತು. ಈ ಸ್ವಭಾವ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಅಕ್ಕರೆಯಿಲ್ಲದ ಬಾಲ್ಯ ಅಥವಾ ಸದಾ ಜಗಳವಿರುವ ಪರಿಸರ ಇಂಥವರನ್ನು ಆತಂಕ, ಖಿನ್ನತೆಗಳ ಕಡೆಗೆ ಬೇಗ ತಳ್ಳುವಂತೆಯೇ, ಒಳ್ಳೆಯ ಪರಿಸರ ಇವರಿಗೆ ಉಳಿದವರಿಗಿಂತ ಹೆಚ್ಚು ಒದಗಿಬರುತ್ತದೆ. ಇಂಗ್ಲೆಂಡಿನ ಶಾಲೆಯೊಂದರಲ್ಲಿ ಹುಡುಗಿಯರ ಮನೋಸ್ಥೈರ್ಯ ಬೆಳೆಸಲು ನಡೆಸಿದ ತರಬೇತಿಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು: ಖಿನ್ನತೆಯ ಲಕ್ಷಣಗಳು ಗಮನಾರ್ಹವಾಗಿ ಇಳಿದದ್ದು ಹೆಚ್ಚು ಸಂವೇದನೆಯ ಹುಡುಗಿಯರಲ್ಲಿ ಮಾತ್ರ. ‘ದಪ್ಪ ಚರ್ಮ ಬೆಳೆಸಿಕೋ’ ಎಂಬ ಉಪದೇಶ ನನಗೆ ರುಚಿಸದಿರುವುದು ಇದಕ್ಕಾಗಿಯೇ. ನೋವನ್ನು ಒಳಬಿಡುವ ಬಾಗಿಲೇ ಸಂತೋಷಕ್ಕೂ ಬಾಗಿಲು.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಬೇಕು. ನಾನು ಹಲವು ವರ್ಷ ‘ನನ್ನ ಸ್ವಭಾವವೇ ಹೀಗೆ’ ಎಂದುಕೊಂಡು ನಿದ್ದೆಗೆಟ್ಟ ರಾತ್ರಿಗಳನ್ನು ಸಹಿಸಿಕೊಂಡೆ. ಕೊನೆಗೆ ಆಪ್ತಸಮಾಲೋಚಕರ ಬಳಿ ಹೋದಾಗ ಚಿಕಿತ್ಸೆಯಿಂದ ಹತೋಟಿಗೆ ಬರುವ ಆತಂಕವೂ ಅದರೊಡನೆ ಸೇರಿಕೊಂಡಿದೆಯೆಂದು ತಿಳಿಯಿತು. ಬಾಲ್ಯದಿಂದಲೂ ಹೀಗೆಯೇ ಇದ್ದರೆ ಒಂದು ಮಾತು. ಸದ್ದು ಬೆಳಕುಗಳು ಇತ್ತೀಚೆಗೆ ಇದ್ದಕ್ಕಿದ್ದಂತೆ ಅಸಹನೀಯವಾಗಿದ್ದರೆ, ಹಸಿವು ನಿದ್ದೆಗಳು ಕೆಟ್ಟಿದ್ದರೆ, ವೈದ್ಯರನ್ನು ಕಾಣಬೇಕು.

ಉತ್ತರ 3:
ಅನುಭವದಿಂದ ಹೇಳುವುದಾದರೆ, ದಣಿವು ಬಂದ ಮೇಲೆ ವಿಶ್ರಾಂತಿ ಹುಡುಕುವುದಕ್ಕಿಂತ ಅದನ್ನು ಮೊದಲೇ ದಿನಚರಿಯಲ್ಲಿ ಇಟ್ಟುಕೊಳ್ಳುವುದು ಮೇಲು. ದೀರ್ಘ ಸಭೆಯಿದ್ದ ದಿನ ಅದರ ಬೆನ್ನಿಗೇ ಯಾರಿಗೂ ಸಮಯ ಕೊಡದೆ ಹದಿನೈದು ನಿಮಿಷ ಫೋನನ್ನೂ ಮುಟ್ಟದೆ ಒಬ್ಬನೇ ನಡೆದು ಬರುತ್ತೇನೆ. ಆದರೆ ಸದ್ದಿರುವ ಜಾಗಗಳನ್ನೆಲ್ಲ ಬಿಡುತ್ತ ಹೋಗಬೇಡಿ. ನಾನು ಹಾಗೆ ಮಾಡಿ ಸ್ನೇಹಿತರನ್ನು ಕಳೆದುಕೊಂಡೆನೇ ಹೊರತು ನೆಮ್ಮದಿ ಸಿಗಲಿಲ್ಲ. ಈಗ ಹೋಗುತ್ತೇನೆ, ಬೇಗ ಹೊರಡುವೆನೆಂದು ಮೊದಲೇ ತಿಳಿಸಿರುತ್ತೇನೆ.

ಪ್ರಶ್ನೆ ಕೇಳಿದವರು:
ಚಿಕ್ಕಂದಿನಿಂದಲೂ ಹೀಗೆಯೇ ಇದ್ದೇನೆ, ನಿದ್ದೆ ಮಾತ್ರ ಈಚೆಗೆ ಕೆಟ್ಟಿದೆ. ಆದ್ದರಿಂದ ಎರಡನೆಯ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಕ್ಕದವರಿಗೆ ಪೆನ್ನಿನ ವಿಷಯ ಹೇಳಿದೆ. ಅವರಿಗೆ ತಾವು ಗುಂಡಿ ಒತ್ತುತ್ತಿರುವುದೇ ಗೊತ್ತಿರಲಿಲ್ಲವಂತೆ.