ಪದಚರ್ಚೆ: ರಿಸೆಪ್ಟರ್‌ಗೆ ‘ಗ್ರಾಹಕ’ ಬೇಡ, ಬೀಗ-ಕೀಲಿಯೂ ಬೇಡ

> ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಕರಪತ್ರ, ನಾಳೆಯೇ ಪ್ರಿಂಟಿಗೆ ಹೋಗಬೇಕು. ‘ಗ್ರೋತ್ ಫ್ಯಾಕ್ಟರ್ ರಿಸೆಪ್ಟರ್’ಗೆ ‘ಬೆಳವಣಿಗೆ ಅಂಶದ ಗ್ರಾಹಕ’ ಅಂತ ಹಾಕಿದ್ದೇನೆ, ‘ಡೈಮರೈಸೇಶನ್’ಗೆ ‘ದ್ವಿಕೀಕರಣ’. ಜೊತೆಗೆ ಬೀಗ-ಕೀಲಿ ಹೋಲಿಕೆ: ರಿಸೆಪ್ಟರ್ ಬೀಗ, ಬೆಳವಣಿಗೆ ಅಂಶ ಕೀಲಿ. ಸರಿ ಅಲ್ವಾ?

ಸರಿಯಿಲ್ಲ ಮೇಡಂ. ರಿಸೆಪ್ಟರ್ ಅಂದರೆ ಕೋಶದ ಮೇಲಿದ್ದು ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನು.

ಗ್ರಾಹಕ ಅಂದರೆ ಅಂಗಡಿಗೆ ಬರುವವರು. ‘ಗ್ರಹ್’ ಧಾತುವಿಗೆ ಹಿಡಿ ಅನ್ನುವ ಅರ್ಥ ಇದೆ, ಗ್ರಹಣವೂ ಅಲ್ಲಿಂದಲೇ ಬಂತು, ಎಲ್ಲಾ ನಿಜ. ಆದರೆ ಆಸ್ಪತ್ರೆ ಬೆಂಚಿನ ಮೇಲೆ ಕೂತವರು ಧಾತು ಬಿಡಿಸಿ ಓದುವುದಿಲ್ಲ. ದ್ವಿಕೀಕರಣ ಸುಮ್ನೆ ಕೈಬಿಡಿ. ‘ಜೋಡಿಯಾಗುವುದು’ ಸಾಕು.

ಇನ್ನು ಬೀಗ-ಕೀಲಿ. ನೀವು ಮೈಸೂರು ಕಡೆಯವರಿರಬೇಕು. ನಮ್ಮ ಧಾರವಾಡದ ಕಡೆ ಕೀಲಿ ಅಂದರೇನೇ ಬೀಗ. ‘ಮನಿಗೆ ಕೀಲಿ ಹಾಕಿ ಬಾ’ ಅಂತೀವಿ. ಅದನ್ನು ತೆಗೆಯುವುದು ಕೀಲಿಕೈ, ಇಲ್ಲವೇ ಚಾವಿ. ನಿಮ್ಮ ಕರಪತ್ರ ಹುಬ್ಬಳ್ಳಿಗೆ ಬಂದರೆ ಬೀಗದೊಳಗೆ ಬೀಗ ತೂರಿಸಿದ ಹಾಗಿರುತ್ತದೆ.

ಪದ ಬಿಡಿ, ಹೋಲಿಕೆಯೇ ತಪ್ಪು. ಇಜಿಎಫ್ ಎಂಬ ಬೆಳವಣಿಗೆ ಅಂಶದ ರಿಸೆಪ್ಟರ್ ನೋಡಿ. ಹೊರಗಿನಿಂದ ಇಜಿಎಫ್ ಬಂದು ಕೂತಾಗ ಅದು ಮಡಚಿದ ತೋಳು ಬಿಚ್ಚಿ ಪಕ್ಕದ ಇನ್ನೊಂದರ ಜೊತೆ ಜೋಡಿಯಾಗುತ್ತದೆ. ಆಮೇಲೆ ಒಂದು ಇನ್ನೊಂದರ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಕೋಶದೊಳಗೆ ಸುದ್ದಿ ಸಾಗುವುದು ಆ ಬಾಲದಿಂದ. ಸುದ್ದಿ ನಿಲ್ಲಬೇಕಲ್ಲ? ಸಿಬಿಎಲ್ ಎಂಬ ಪ್ರೋಟೀನು ರಿಸೆಪ್ಟರ್‌ಗೆ ಯುಬಿಕ್ವಿಟಿನ್ ಎಂಬ ಚೀಟಿ ಹಚ್ಚುತ್ತದೆ. ಕೋಶ ರಿಸೆಪ್ಟರನ್ನೇ ಒಳಗೆಳೆದುಕೊಂಡು ಲೈಸೋಸೋಮ್ ಎಂಬ ತನ್ನ ಜೀರ್ಣಚೀಲದಲ್ಲಿ ಅರೆದು ಹಾಕುತ್ತದೆ. ಕೆಲವನ್ನು ಮತ್ತೆ ಮೇಲಕ್ಕೆ ಕಳಿಸುವುದೂ ಉಂಟು. ಬಾಗಿಲು ತೆಗೆದ ಮೇಲೆ ಬೀಗ ನುಂಗುವ ಮನೆ ಯಾವುದಿದೆ?

ನಿಮ್ಮ ಕರಪತ್ರಕ್ಕೆ ಬೇಕಾದ ಹರ್-2 ಇದೇ ಬಳಗದ ಇನ್ನೊಂದು ರಿಸೆಪ್ಟರ್, ಅದು ಇನ್ನೂ ವಿಚಿತ್ರ. ಅದಕ್ಕೆ ಒಪ್ಪುವ ಕೀಲಿಕೈ ಇದುವರೆಗೆ ಸಿಕ್ಕೇ ಇಲ್ಲ. ತೋಳು ಯಾವಾಗಲೂ ಚಾಚಿಕೊಂಡೇ ಇರುತ್ತದೆ, ತನ್ನ ಬಳಗದ ಯಾವುದು ಸಿಕ್ಕರೂ ಜೋಡಿಯಾಗುತ್ತದೆ. ಕೋಶದ ಮೇಲೆ ಅದು ವಿಪರೀತ ಜಾಸ್ತಿಯಾದಾಗ ತೊಂದರೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಹೊರಗಿನಿಂದ ಹಿಡಿಯುವುದು ಇದನ್ನೇ.

ರಿಸೆಪ್ಟರ್ ಅಂತಲೇ ಬರೆಯಿರಿ. ರೋಗಿಯ ರಿಪೋರ್ಟಿನಲ್ಲೂ ಡಾಕ್ಟರ ಬಾಯಲ್ಲೂ ಇರುವುದು ಅದೇ. ಕ್ರಿಯಾಪದಗಳು ಕನ್ನಡವಾಗಿರಲಿ: ಕೂರು, ಜೋಡಿಯಾಗು, ಅಂಟಿಸು, ಒಳಗೆಳೆ.

‘ಇಂಗ್ಲಿಷ್ ಎರವಲು ಬೇಡ, ಗ್ರಾಹಿ ಎನ್ನಿ’ ಅಂತ ನಿನ್ನೆ ಒಬ್ಬರು ಬರೆದಿದ್ದರು. ಗ್ರಾಹಿ ಎಲ್ಲಿಯದು ಸ್ವಾಮಿ? ಸಂಸ್ಕೃತದ್ದು. ನಾವು ದಿನಾ ಜೇಬಿಗೆ ಹಾಕಿಕೊಳ್ಳುವ ಚಾವಿ ಪೋರ್ಚುಗೀಸರದ್ದು. ಅದರಿಂದ ಧಾರವಾಡದ ಬಾಗಿಲು ಚೆನ್ನಾಗಿಯೇ ತೆರೆಯುತ್ತಿದೆ.

ಮೇಡಂ, ಈ ಸಾಲು ನೋಡಿ: ‘ನಿಮ್ಮ ಗಡ್ಡೆಯ ಕೋಶಗಳ ಮೇಲೆ ಹರ್-2 ಎಂಬ ರಿಸೆಪ್ಟರ್‌ಗಳು ಜಾಸ್ತಿ ಇವೆ. ಇವು ಜೋಡಿಯಾದಾಗ ಬೆಳೆಯಲು ಕೋಶಕ್ಕೆ ಸೂಚನೆ ಹೋಗುತ್ತದೆ.’ ಪ್ರೂಫ್ ಕಳಿಸಿ, ರಾತ್ರಿ ಹನ್ನೊಂದರವರೆಗೆ ಎಚ್ಚರ ಇರುತ್ತೇನೆ.